ದಡ ಹತ್ತುವ ಹಡಗಿನವರು

ನಮ್ಮ ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವರು ತಿದ್ದುತ್ತಿದ್ದರು. "ನಾನು ಕ್ಯಾಪ್ಟನ್ ಅಲ್ಲ ಕಣ್ರೀ. ಕ್ಯಾಪ್ಟನ್ ಬೇರೆಯೋರು. ನಾನು ಹಿಂದುಗಡೆ ಲಂಗರಿನ ಹತ್ರ ನಿಲ್ತಿದ್ದೋನು." ಸೊಪ್ಪಿನ ಗಾಡಿಯವನಿಗೂ ಇದೇ ಉತ್ತರ, ಹಾಲಿನ ಬೂತಿನವನಿಗೂ ಇದೇ ಉತ್ತರ. ಗುಮಾಸ್ತನಾಗಿದ್ದವನೂ ಆಫೀಸರಾಗಿದ್ದೆ ಎಂದು ಹೇಳಿಕೊಂಡು ಓಡಾಡುವ ಊರಲ್ಲಿ, ಇಷ್ಟು ಶ್ರದ್ಧೆಯಿಂದ ತಮ್ಮ ಪದವಿಯನ್ನು ತಾವೇ ಇಳಿಸಿಕೊಳ್ಳುತ್ತಿದ್ದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ನಾನೀಗ ಜೆ.ಪಿ. ನಗರದಲ್ಲಿದ್ದೇನೆ. ಸುದ್ದಿ ತಡವಾಗಿ ಬಂತು. ಕತ್ರಿಗುಪ್ಪೆಗೆ ಹೋದಾಗ ಅವರ ಮನೆಯಾಕೆ ಒಳಗಿನಿಂದ ಒಂದು ಟೈಪು ಮಾಡಿದ ಕಟ್ಟು ತಂದು ನನ್ನ ತೊಡೆಯ ಮೇಲಿಟ್ಟರು. "ನೀನೇ ಟೈಪ್ ಮಾಡಿದ್ದಲ್ಲಪ್ಪ, ನಿನ್ ಹತ್ರಾನೇ ಇರ್ಲಿ. ನಮ್ ಮನೇಲಿ ಇದನ್ನ ಓದೋರು ಯಾರೂ ಇಲ್ಲ, ಕೇಳಿ ಕೇಳಿ ಎಲ್ರಿಗೂ ಬಾಯಿಪಾಠ ಆಗಿದೆ," ಎಂದು ನಕ್ಕರು. ಅಳುವ ಮನೆಯಲ್ಲಿ ನಗುವುದಕ್ಕೂ ಧೈರ್ಯ ಬೇಕು. ಆಕೆಗೆ ಅದು ಮೊದಲಿನಿಂದಲೂ ಇತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಹಡಗಿಗೂ ಹೆಸರಿರಲಿಲ್ಲ. ಯುದ್ಧದ ಅವಸರದಲ್ಲಿ ಅಂಥ ಹಡಗುಗಳನ್ನು ರಾಶಿ ರಾಶಿಯಾಗಿ ಕಟ್ಟಿ ನೀರಿಗೆ ಬಿಟ್ಟರಂತೆ, ಹೆಸರು ಹುಡುಕುತ್ತ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲವಂತೆ. ಎಲ್ಲಕ್ಕೂ ನಂಬರು ಮಾತ್ರ. ನಂಬರಿನ ಹಡಗಿನಲ್ಲೂ ಜನ ಹೆಸರಿದ್ದ ಹಡಗಿನಲ್ಲಿ ಮಾಡುವಷ್ಟೇ ಕೆಲಸ ಮಾಡಿದರು ಎಂದು ಅವರು ಹೇಳುತ್ತಿದ್ದರು.

ಅದು ಟ್ಯಾಂಕು ಇಳಿಸುವ ಹಡಗು. ಬೇರೆ ಹಡಗುಗಳು ದಡಕ್ಕೆ ತಾಗಿದರೆ ಕೆಟ್ಟವು. ಈ ಹಡಗಿನ ಕಸುಬೇ ದಡ ಹತ್ತುವುದು. ತಳ ಚಪ್ಪಟೆ, ಮೂತಿಯಲ್ಲಿ ಎರಡು ಬಾಗಿಲು. ಬರ್ಮಾ ಕರಾವಳಿಯ ಮರಳಿಗೆ ನೇರವಾಗಿ ನುಗ್ಗಿ ನಿಂತು, ಬಾಗಿಲು ತೆರೆದು, ಅಡ್ಡಹಲಗೆ ಇಳಿಬಿಟ್ಟರೆ ಹೊಟ್ಟೆಯೊಳಗಿಂದ ಟ್ಯಾಂಕುಗಳು ಗುರುಗುಟ್ಟುತ್ತ ಇಳಿದು ಹೋಗುತ್ತಿದ್ದವು. ಅದು ಬಿಳಿಯರ ಹಡಗು, ಅದರಲ್ಲಿ ನಮ್ಮ ದೇಶದವರು ಹತ್ತು ಹನ್ನೆರಡು ಜನ. ಚನ್ನಪಟ್ಟಣದ ಕಡೆಯಿಂದ, ಕೆರೆಗಿಂತ ದೊಡ್ಡ ನೀರು ಕಾಣದೆ ಬಂದ ಇಪ್ಪತ್ತು ವರ್ಷದ ಇವರು ಅವರಲ್ಲೊಬ್ಬರು.

ಇದನ್ನು ಬೀದಿಯಲ್ಲಿ ಯಾರೂ ಪೂರ್ತಿ ನಂಬಿರಲಿಲ್ಲ. ಮೂಲೆಮನೆಯಲ್ಲಿದ್ದ ರಿಟೈರ್ಡ್ ಹೆಡ್‌ಮೇಷ್ಟ್ರಂತೂ ಮೂತಿಯಲ್ಲಿ ಬಾಗಿಲಿದ್ದರೆ ನೀರು ಒಳಗೆ ಬರುವುದಿಲ್ಲವೇ ಎಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ಕೊನೆಗೆ ಒಂದು ಭಾನುವಾರ ಇವರು ಎಣ್ಣೆಯ ತಗಡಿನ ಡಬ್ಬ ಕತ್ತರಿಸಿ, ಬಾಗಿಲು ಕೂರಿಸಿ, ಮೇಣ ಹಚ್ಚಿ, ಬಟ್ಟೆ ಒಗೆಯುವ ತೊಟ್ಟಿಯಲ್ಲಿ ತೇಲಿಬಿಟ್ಟರು. ಟ್ಯಾಂಕುಗಳ ಬದಲು ಟಾರ್ಚಿನ ಎರಡು ಬ್ಯಾಟರಿ. ಬೀದಿಯ ಅರ್ಧ ಜನ ತೊಟ್ಟಿಯ ಸುತ್ತ ನಿಂತಿದ್ದೆವು. ಡಬ್ಬ ಹೋಗಿ ಅಂಚಿಗೆ ತಗುಲಿತು, ಬಾಗಿಲು ತೆರೆಯಿತು, ಬ್ಯಾಟರಿಗಳು ಉರುಳಿ ಒಗೆಯುವ ಕಲ್ಲಿನ ಮೇಲೆ ಬಂದವು. ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. ಹೆಡ್‌ಮೇಷ್ಟ್ರು ಕನ್ನಡಕ ಒರೆಸಿಕೊಂಡು, ತೊಟ್ಟಿಯಲ್ಲಿ ಅಲೆ ಇಲ್ಲವಲ್ಲ ಎಂದು ಹೇಳಿ ಮನೆಗೆ ಹೋದರು.

ಹಡಗು ಬಿಟ್ಟು ಬಂದ ಮೇಲೆ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದರು. ಕತ್ರಿಗುಪ್ಪೆಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದಾಗ ಅಡುಗೆಮನೆಯ ಪ್ರತಿ ಶೆಲ್ಫಿನ ಅಂಚಿಗೂ ಮೂರು ಬೆರಳು ಎತ್ತರದ ಪಟ್ಟಿ ಹೊಡೆಸಿದರು, ಹಡಗು ಓಲಾಡಿದರೆ ಡಬ್ಬಗಳು ಬೀಳಬಾರದಲ್ಲ. "ಈ ಮನೆ ಕಟ್ಟಿ ಆರು ವರ್ಷ ಆಯ್ತು. ಒಂದ್ಸಲನಾದ್ರೂ ಅಲ್ಲಾಡಿದ್ಯಾ ಕೇಳು," ಎಂದು ಅವರ ಮನೆಯಾಕೆ ನನ್ನ ಹತ್ತಿರ ದೂರುತ್ತಿದ್ದರು. ಸಾಸಿವೆ ಡಬ್ಬ ತೆಗೆಯಲು ಹೋಗಿ ದಿನಕ್ಕೊಂದು ಸಲ ಬೆರಳು ತರಚಿಕೊಳ್ಳುತ್ತಿದ್ದುದು ಆಕೆಯೇ. ಆದರೂ ಆ ಪಟ್ಟಿಗಳನ್ನು ಕೀಳಿಸಲಿಲ್ಲ.

ಗಾಂಧಿ ಬಜಾರಿನಿಂದ ಸ್ಕೂಟರಿನಲ್ಲಿ ಸಾಮಾನು ತರುವುದು ಅವರಿಗೆ ದೊಡ್ಡ ಕಾರ್ಯಾಚರಣೆ. ಅಕ್ಕಿ ಎಲ್ಲಿ, ಬೇಳೆ ಎಲ್ಲಿ, ತೆಂಗಿನಕಾಯಿ ಎಲ್ಲಿ ಎಂದು ಅಂಗಡಿಯ ಮುಂದೆ ನಿಂತು ಹತ್ತು ನಿಮಿಷ ಯೋಚಿಸುತ್ತಿದ್ದರು. ದಡಕ್ಕೆ ಹೋಗುವಾಗ ಮೂತಿ ಹಗುರ ಇರಬೇಕು, ಭಾರವೆಲ್ಲ ಹಿಂದಿರಬೇಕು ಎಂಬುದು ಹಡಗಿನ ಲೆಕ್ಕ. ಸ್ಕೂಟರಿಗೂ ಅದನ್ನೇ ಹಾಕಿ, ಒಮ್ಮೆ ನೆಟ್ಟಕಲ್ಲಪ್ಪ ಸರ್ಕಲ್ಲಿನ ಏರಿನಲ್ಲಿ ಮುಂದಿನ ಚಕ್ರ ಮೇಲೆದ್ದು, ಅಕ್ಕಿ ಮೂಟೆಯ ಸಮೇತ ಹಿಂದಕ್ಕೆ ಬಿದ್ದರು. ಎದ್ದು ಬಂದು, ಲೆಕ್ಕ ಸರಿಯಾಗಿಯೇ ಇತ್ತು, ನೀರಿರಲಿಲ್ಲ ಅಷ್ಟೇ ಎಂದರು.

ಅವರ ಬದುಕಿನ ಒಂದೇ ಸೂತ್ರ ಹಿಂದಿನ ಲಂಗರು. ದಡ ಇನ್ನೂ ದೂರ ಇರುವಾಗಲೇ ಹಡಗಿನ ಹಿಂತುದಿಯಿಂದ ಒಂದು ಲಂಗರು ಬಿಡಬೇಕು. ಹಡಗು ಮುಂದೆ ಹೋಗುತ್ತ ಹೋಗುತ್ತ ಅದರ ಉಕ್ಕಿನ ಹಗ್ಗ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಟ್ಯಾಂಕುಗಳು ಇಳಿದ ಮೇಲೆ ರಾಟೆ ತಿರುಗಿಸಿ ಆ ಹಗ್ಗ ಎಳೆದುಕೊಂಡರೆ, ಹಡಗು ತನ್ನನ್ನು ತಾನೇ ಮರಳಿನಿಂದ ಹಿಂದಕ್ಕೆ ಎಳೆದುಕೊಂಡು ನೀರಿಗೆ ಬರುತ್ತದೆ. ಲಂಗರು ಬಿಡದೆ ನುಗ್ಗಿದರೆ ಅಲ್ಲೇ ಕೂತಿತು. ಇದನ್ನು ಅವರು ಎಲ್ಲದಕ್ಕೂ ಅನ್ವಯಿಸುತ್ತಿದ್ದರು. ಮದುವೆ ಮನೆಗೆ ಹೋದರೆ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿ ಬಿಡುತ್ತಿದ್ದರು. ನಾನು ಇಂಟರ್‌ವ್ಯೂಗೆ ಹೊರಟರೆ ಹೋಗುವ ಬಸ್ಸಿನ ನಂಬರು ಕೇಳದೆ ವಾಪಸು ಬರುವ ಬಸ್ಸಿನ ನಂಬರು ಕೇಳುತ್ತಿದ್ದರು. ಒಮ್ಮೆ ನಾನು ನೀರಿನ ವಿಷಯಕ್ಕೆ ಎದುರುಮನೆಯವರ ಮೇಲೆ ಜಗಳಕ್ಕೆ ಹೊರಟಾಗ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು: "ಹೋಗು, ಬೇಡ ಅನ್ನಲ್ಲ. ವಾಪಸ್ ಬರೋಕೆ ಒಂದು ಮಾತು ಇಟ್ಕೊಂಡು ಹೋಗು." ಆ ಮಾತು ಯಾವುದಿರಬೇಕೆಂದು ಯೋಚಿಸುವಷ್ಟರಲ್ಲಿ ನನ್ನ ಕೋಪ ಆರಿಹೋಗಿತ್ತು.

ನನಗೂ ಅವರಿಗೂ ಗಂಟು ಬಿದ್ದದ್ದು ಟೈಪ್‌ರೈಟರಿನಿಂದ. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಬಿ.ಕಾಂ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತ, ಶ್ರೀನಗರದ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದೆ. ಅಲ್ಲಿ ಕೊಡುತ್ತಿದ್ದ ಪಾಠಗಳನ್ನು ಹೊಡೆದೂ ಹೊಡೆದೂ ಬೆರಳಿಗೆ ಬೇಸರ ಬಂದಿತ್ತು. ಅವರು ತಮ್ಮ ಹಡಗಿನ ಸೇವಾ ಚರಿತ್ರೆಯನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ನನಗೆ ಹೊಡೆಯಲು ಏನಾದರೂ ಬೇಕಿತ್ತು, ಅವರಿಗೆ ಹೊಡೆದುಕೊಡುವವರು ಬೇಕಿತ್ತು. ಇಂಗ್ಲಿಷಿನಲ್ಲಿ ಯಾಕೆ ಬರೆಯಲಿಲ್ಲ ಸಾರ್ ಎಂದು ಕೇಳಿದರೆ, ಅದಕ್ಕೊಂದು ಕಾರಣ ಇದೆ, ಮುಂದೆ ಬರುತ್ತೆ ಎಂದರು.

ಅದೊಂದು ವಿಚಿತ್ರ ಚರಿತ್ರೆ. ಅದರಲ್ಲಿ ನಾನು ಎಂಬ ಪದವೇ ಇರಲಿಲ್ಲ. ಹಡಗು ಹೊರಟಿತು, ಹಡಗು ತಲುಪಿತು, ಹಡಗಿಗೆ ಬಣ್ಣ ಬಳಿಯಲಾಯಿತು. ಮೂವತ್ತು ಟ್ಯಾಂಕು ತುಂಬಿಕೊಂಡು ನಾಲ್ಕು ದಿನ ಓಲಾಡಿ ಒಂದು ದಡಕ್ಕೆ ಹೋದರೆ, ಶತ್ರು ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದ. ಅಲ್ಲಿ ಇವರನ್ನು ಎದುರುಗೊಂಡದ್ದು ಒಂದು ಹುಂಜ ಮಾತ್ರ. ಅದನ್ನೂ ಬಿಡದೆ ಬರೆದಿದ್ದರು. ಇನ್ನೊಮ್ಮೆ ಟ್ಯಾಂಕಿನ ಬದಲು ಹೇಸರಗತ್ತೆಗಳನ್ನು ಸಾಗಿಸಿದರು. ದಡ ಬಂದರೂ ಅವು ಇಳಿಯಲೊಲ್ಲವು. ಬಿಳಿಯ ಅಧಿಕಾರಿಗಳು ಕೂಗಾಡಿ ಸೋತ ಮೇಲೆ, ಒಬ್ಬ ನಾವಿಕ ಅಡುಗೆಮನೆಯಿಂದ ಬೆಲ್ಲ ತಂದು ಅಂಗೈಯಲ್ಲಿಟ್ಟುಕೊಂಡು ಮುಂದೆ ನಡೆದ, ಅವು ಹಿಂದೆ ನಡೆದವು. ಆ ಒಬ್ಬ ನಾವಿಕ ಯಾರೆಂದು ಬರೆದಿರಲಿಲ್ಲ. ಯುದ್ಧ ಮುಗಿದ ಮೇಲೆ ಹಡಗು ಸೆರೆಯಿಂದ ಬಿಟ್ಟವರನ್ನು ಊರಿಗೆ ತಂದಿತು, ಅಕ್ಕಿ ತಂದಿತು. ಕೊನೆಗೆ ಅದನ್ನು ಮುಂಬಯಿಯ ಗುಜರಿಯವರು ಕೊಂಡರೆಂದು ಹಳೆಯ ಜೊತೆಗಾರನೊಬ್ಬ ಕಾಗದ ಬರೆದಿದ್ದನಂತೆ. ಒಡೆಯುವುದಕ್ಕಾಗಿ ಅದನ್ನು ಕೊನೆಯ ಸಲ ದಡ ಹತ್ತಿಸಿದರು. ಚರಿತ್ರೆಯ ಕೊನೆಯ ಸಾಲು ಹೀಗಿತ್ತು: "ಆ ದಿನ ಮಾತ್ರ ಹಿಂದೆ ಲಂಗರು ಬಿಡಲಿಲ್ಲ." ಅದನ್ನು ಟೈಪು ಮಾಡುವಾಗ ನನಗೆ ಯಾರೋ ಸಂಬಂಧಿಕರು ಹೋದಷ್ಟು ಬೇಜಾರಾಯಿತು.

ಆದರೆ ನಡುವೆ ಒಂದು ಹಾಳೆ ಇರಲಿಲ್ಲ. ಒಂದು ದಡಕ್ಕೆ ಹಡಗು ಹೊರಡುತ್ತದೆ, ಮುಂದಿನ ಪುಟದಲ್ಲಿ ಎರಡು ವಾರ ಕಳೆದಿರುತ್ತದೆ. ಕೇಳಿದಾಗ ಅವರು ಪೆನ್ನಿನ ಮುಚ್ಚಳ ಹಾಕಿ, "ಅಲ್ಲೊಂದು ಖಾಲಿ ಶೀಟ್ ಇಡು. ಆಮೇಲೆ ಬರ್ದು ಕೊಡ್ತೀನಿ," ಎಂದರು. ನಾನು ಖಾಲಿ ಹಾಳೆ ಇಟ್ಟೆ.

ಆ ವರ್ಷ ನಮ್ಮ ಬೀದಿಯ ಗಣೇಶ ಹಿಂದೆಂದೂ ಇಲ್ಲದಷ್ಟು ದೊಡ್ಡವನಾಗಿ ಬಂದ. ಸಮಿತಿಯ ಅಧ್ಯಕ್ಷರು ಬೆಲ್ಲದ ಮಂಡಿಯ ಯಜಮಾನರು, ಹಣೆಯ ತುಂಬ ವಿಭೂತಿ, ದೊಡ್ಡ ಗಂಟಲು, ಮೆತ್ತನೆಯ ಮನಸ್ಸು. ಹೇಸರಗತ್ತೆ ಮತ್ತು ಬೆಲ್ಲದ ಕಥೆ ಕೇಳಿದಂದಿನಿಂದ ಅವರಿಗೆ ಇವರ ಮೇಲೆ ಅಪಾರ ಗೌರವ. ತಮ್ಮ ಮಂಡಿಯ ಲಾರಿಯನ್ನೇ ವಿಸರ್ಜನೆಗೆ ಕೊಟ್ಟು, ಹೊಸಕೆರೆಹಳ್ಳಿ ಕೆರೆಯಲ್ಲಿ ಗಣೇಶನನ್ನು ಇಳಿಸುವ ಪೂರ್ತಿ ಜವಾಬ್ದಾರಿ ಕ್ಯಾಪ್ಟನ್ನರದು ಎಂದು ಸಭೆಯಲ್ಲಿ ಘೋಷಿಸಿದರು. ನಾನು ಕ್ಯಾಪ್ಟನ್ ಅಲ್ಲ ಎಂದು ಇವರು ತಿದ್ದಿದರು. ಆದರೆ ಮುಖ ಅರಳಿತ್ತು. ಹಡಗು ಬಿಟ್ಟ ಮೇಲೆ ಯಾರೂ ಅವರಿಗೆ ಏನನ್ನೂ ದಡ ಮುಟ್ಟಿಸುವ ಕೆಲಸ ಕೊಟ್ಟಿರಲಿಲ್ಲ.

ಒಂದು ವಾರ ಅವರು ಕೆರೆಗೆ ಹೋಗಿ ಬಂದು ಮಾಡಿದರು. ಕೋಲು ಊರಿ ಕೆಸರಿನ ಆಳ ನೋಡಿದರು. ಕಲ್ಲು ಕ್ವಾರಿಯವರಿಂದ ಉಕ್ಕಿನ ಹಗ್ಗವನ್ನೂ ಕೈಯಲ್ಲಿ ತಿರುಗಿಸುವ ರಾಟೆಯನ್ನೂ ಕೇಳಿ ತಂದರು. ಯೋಜನೆ ಹೀಗೆ: ಲಾರಿ ಹಿಮ್ಮುಖವಾಗಿ ಏರಿಯಿಂದ ನೀರಿನ ಅಂಚಿಗೆ ಇಳಿಯಬೇಕು. ಇಳಿಯುವ ಮುಂಚೆ ಅದರ ಮೂತಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಏರಿಯ ಮೇಲಿನ ಹುಣಸೆಮರಕ್ಕೆ ಬಿಗಿದಿರಬೇಕು. ಲಾರಿ ಹೂತುಕೊಂಡರೆ ರಾಟೆಯಿಂದ ಮೇಲೆಳೆಯಬಹುದು. ಹಡಗಿಗೆ ಬಾಗಿಲು ಮೂತಿಯಲ್ಲಿ, ಲಾರಿಗೆ ಬೆನ್ನಲ್ಲಿ, ಅಷ್ಟೇ ವ್ಯತ್ಯಾಸ ಎಂದರು.

ವಿಸರ್ಜನೆಯ ದಿನ ಸಂಜೆ ಐದು ಗಂಟೆಗೆ, ಇನ್ನೂ ಬಿಸಿಲಿರುವಾಗಲೇ ಏರಿ ತಲುಪಿದೆವು. ಅವರು ನನ್ನನ್ನು ಹುಣಸೆಮರದ ಕೆಳಗೆ ಕರೆದುಕೊಂಡು ಹೋಗಿ, ಹಗ್ಗದ ತುದಿ ಕೈಗಿಟ್ಟು, ಮೂರು ಸುತ್ತು ಸುತ್ತಿ ಕೊಂಡಿ ಹಾಕುವುದನ್ನು ತೋರಿಸಿದರು. ತಮ್ಮ ಕೆಂಪು ಟವಲ್ಲನ್ನು ಕೊಟ್ಟರು. "ಕೊಂಡಿ ಬಿದ್ಮೇಲೆ ಇದನ್ನ ಮೇಲೆತ್ತು. ನಾನು ಕೆಳಗಿಂದ ನೋಡ್ತಿರ್ತೀನಿ. ಟವಲ್ ಕಂಡ್ರೆ ಲಾರಿ ಬಿಡ್ತೀನಿ," ಎಂದು ಹೇಳಿ ಇಳಿದು ಹೋದರು. ಇದನ್ನು ಹೇಳುವಾಗ ಮರದ ಕೆಳಗೆ ನಾವಿಬ್ಬರೇ ಇದ್ದೆವು.

ನಾನು ಒಂದು ಸುತ್ತು ಸುತ್ತಿದ್ದೆ. ಅಷ್ಟರಲ್ಲಿ ತಮಟೆಯವರು ಏರಿಯ ಮೇಲೆ ಬಂದರು. ತಮಟೆ ಬಂದ ಮೇಲೆ ನಮ್ಮ ಬೀದಿಯ ಹುಡುಗರ ಕಾಲು ಅವರ ಮಾತು ಕೇಳುವುದಿಲ್ಲ. "ಬಾ ಮಗಾ, ಎರಡೇ ಸ್ಟೆಪ್ಪು," ಎಂದು ಯಾರೋ ಕೈ ಹಿಡಿದು ಎಳೆದರು. ಎರಡೇ ಸ್ಟೆಪ್ಪು ಎಂದುಕೊಂಡೇ ಹೋದೆ. ಅದು ಇಪ್ಪತ್ತಾಯಿತು. ಕುಣಿಯುವಾಗ ಕೈಯಲ್ಲಿ ಟವಲ್ಲಿದ್ದರೆ ಯಾರಾದರೂ ಏನು ಮಾಡುತ್ತಾರೆ? ತಲೆಯ ಮೇಲೆ ಎತ್ತಿ ತಿರುಗಿಸಿದೆ.

ಕೆಳಗಿನಿಂದ ಅವರು ಟವಲ್ಲು ಕಂಡರು, ಡ್ರೈವರಿಗೆ ಕೈ ತೋರಿಸಿದರು. ಲಾರಿ ಇಳಿಯಿತು. ಹಗ್ಗ ಮರವನ್ನು ಬಿಟ್ಟು ಸರಸರನೆ ಹಾವಿನ ಹಾಗೆ ನನ್ನ ಕಾಲ ಪಕ್ಕದಲ್ಲೇ ಹರಿದುಹೋಯಿತು. ಆಗಲೇ ನನಗೆ ಎಚ್ಚರವಾದದ್ದು. ಹಿಂದಿನ ಚಕ್ರಗಳು ಅಚ್ಚಿನವರೆಗೆ ಕೆಸರಿಗಿಳಿದವು, ಗಣೇಶ ಒಂದು ಕಡೆಗೆ ವಾಲಿದ. ಎಲ್ಲರೂ ನೀರಿಗೆ ಹಾರಿ ಸೊಂಟದ ಮಟ್ಟದ ಕೆಸರಿನಲ್ಲಿ ನಿಂತು ಅವನನ್ನು ಹೆಗಲು ಕೊಟ್ಟು ಇಳಿಸಿದೆವು. ದೇವರ ಕೆಲಸ ಆಯಿತು. ಹಗ್ಗದ ತಡೆಯಿಲ್ಲದೆ ಅಷ್ಟು ಆಳಕ್ಕೆ ಹೋಗಿದ್ದ ಲಾರಿ ಮಾತ್ರ, ಆಮೇಲೆ ಹಗ್ಗ ಕಟ್ಟಿ ರಾಟೆ ತಿರುಗಿಸಿದರೂ ಅಲುಗದೆ ಅಲ್ಲೇ ಕೂತಿತು.

ಮಂಡಿ ಯಜಮಾನರ ಗಂಟಲು ಆ ಸಂಜೆ ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಹಗ್ಗ ಕಟ್ಟಬೇಕಾಗಿದ್ದವನು ಯಾರು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಕೆಂಪು ಟವಲ್ಲು ನನ್ನ ಹೆಗಲ ಮೇಲೇ ಇತ್ತು. ಅದನ್ನು ಮೆಲ್ಲಗೆ ಎಳೆದು ಬೆನ್ನ ಹಿಂದೆ ಹಿಡಿದೆ. ಅಷ್ಟರಲ್ಲಿ ಸೊಂಟದವರೆಗೂ ಕೆಸರಾಗಿದ್ದ ಇವರು ಮುಂದೆ ಬಂದು, "ಯಾರಿಗೂ ಹೇಳಿರ್ಲಿಲ್ಲ. ಅದನ್ನ ನಾನೇ ಕಟ್ಬೇಕಿತ್ತು, ಮರೆತೆ. ತಪ್ಪು ನಂದು," ಎಂದರು. ನನ್ನ ಕಡೆ ನೋಡಲೂ ಇಲ್ಲ.

ಲಾರಿ ಮೂರು ದಿನ ಕೆರೆಯಲ್ಲಿತ್ತು. ಅದನ್ನು ನೋಡಲು ಕತ್ರಿಗುಪ್ಪೆಯಿಂದ ಮಾತ್ರವಲ್ಲ, ಹನುಮಂತನಗರದಿಂದಲೂ ಜನ ಬಂದರು. ಕೊನೆಗೆ ಎರಡು ಟ್ರ್ಯಾಕ್ಟರು ಬಂದು ಎಳೆದವು. ಆಮೇಲೆ ಬೀದಿಯಲ್ಲಿ ಅವರು ಮುಳುಗಿದ ಕ್ಯಾಪ್ಟನ್ ಆದರು. ಹೆಡ್‌ಮೇಷ್ಟ್ರು ತಮ್ಮ ಹಳೆಯ ಅನುಮಾನವನ್ನು ಮತ್ತೆ ಹೊರತೆಗೆದು, ಒಂದು ಲಾರಿಗೆ ಹಗ್ಗ ಕಟ್ಟಲು ಮರೆಯುವವರು ಹಡಗಿನಲ್ಲಿ ಏನು ಮಾಡಿರಲು ಸಾಧ್ಯ, ಬಹುಶಃ ಬಂದರಿನಲ್ಲಿ ಗುಮಾಸ್ತಿಕೆ ಮಾಡಿದ್ದಿರಬೇಕು ಎಂದರು. ಜನರಿಗೆ ಅದು ಸರಿ ಎನ್ನಿಸಿತು. ನನಗೆ ಹೆಚ್ಚು ಚುಚ್ಚಿದ್ದು ಬೇರೆ. ಕ್ಯಾಪ್ಟನ್ ಎಂದು ಯಾರಾದರೂ ಕರೆದರೆ ಅವರು ತಿದ್ದುವುದನ್ನೇ ಬಿಟ್ಟುಬಿಟ್ಟರು. ಸುಮ್ಮನೆ ತಲೆ ಆಡಿಸಿ ಹೋಗುತ್ತಿದ್ದರು.

ನಾನು ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ಯುಗಾದಿ ಕಳೆಯಲಿ, ಕೆಲಸದ ಆರ್ಡರು ಬರಲಿ ಎಂದು ಹತ್ತು ತಿಂಗಳು ಮುಂದೂಡಿದೆ. ಅವರ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವರು ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಹೇಡಿತನ ಎಂದರೆ ಏನೆಂದು ಆ ಹತ್ತು ತಿಂಗಳಲ್ಲಿ ನನಗೆ ಚೆನ್ನಾಗಿ ಗೊತ್ತಾಯಿತು.

ಮುಂದಿನ ವರ್ಷದ ಗಣೇಶನ ಸಭೆಗೆ ಎರಡು ದಿನ ಇತ್ತು. ಈ ಸಲ ವಿಸರ್ಜನೆ ಬೇರೆಯವರಿಗೆ ಎಂದು ಮೊದಲೇ ಮಾತಾಗಿತ್ತು. ಆಗ ಅವರು ಇನ್‌ಸ್ಟಿಟ್ಯೂಟಿಗೇ ಬಂದು, ನನ್ನ ಟೈಪ್‌ರೈಟರಿನ ಪಕ್ಕದಲ್ಲಿ ಒಂದು ಹಾಳೆ ಇಟ್ಟರು. "ಅವತ್ತು ಖಾಲಿ ಬಿಟ್ಟಿದ್ಯಲ್ಲ, ಆ ಶೀಟಿಗೆ," ಎಂದು ಹೇಳಿ ಹೋದರು. ಕಾರ್ಬನ್ನು ಇಟ್ಟು ಹೊಡೆಯತೊಡಗಿದೆ. ಆ ಹಾಳೆಯನ್ನು ಇದ್ದ ಹಾಗೇ ಇಲ್ಲಿ ಕೊಡುತ್ತೇನೆ:

"ದಡ ಹತ್ತಿರವಾಗುತ್ತಿತ್ತು. ಗಂಟೆ ಹೊಡೆದ ಕೂಡಲೇ ಹಿಂದಿನ ಲಂಗರು ಬಿಡುವುದು ನನ್ನ ಕೆಲಸ. ಆ ಸಲ ಹಡಗಿನಲ್ಲಿದ್ದ ಸಿಪಾಯಿಗಳಲ್ಲಿ ಒಬ್ಬ ನನ್ನ ಹತ್ತಿರ ಬಂದು, ಯಾವೂರಣ್ಣ ಎಂದು ಕೇಳಿದ. ಎಂಟು ತಿಂಗಳಿಂದ ನನ್ನ ಕಿವಿಗೆ ಕನ್ನಡ ಬಿದ್ದಿರಲಿಲ್ಲ. ಅವನು ಹೊಸಕೋಟೆಯ ಕಡೆಯವನು. ರಾಗಿ ಮುದ್ದೆಯ ಮಾತು ಬಂತು, ಅವರೆಕಾಯಿಯ ಮಾತು ಬಂತು. ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ. ಹಡಗು ಲಂಗರಿಲ್ಲದೆ ದಡ ಹತ್ತಿತು. ಮುಂದಿನ ದೊಡ್ಡ ಉಬ್ಬರ ಬರುವವರೆಗೆ ಹದಿಮೂರು ದಿನ ಮರಳಿನ ಮೇಲೆ ಕೂತಿತ್ತು. ಶತ್ರುವಿನ ವಿಮಾನಗಳು ಬರಲಿಲ್ಲ, ಬಂದಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ವಿಚಾರಣೆಗೆ ಮೇಲಿನವರು ಬಂದಾಗ ಕ್ಯಾಪ್ಟನ್ ದಿನಚರಿ ತೆರೆದು ತೋರಿಸಿದರು. ಉಬ್ಬರದ ಲೆಕ್ಕ ನಾನು ತಪ್ಪು ಹಾಕಿದೆ, ಹೊಣೆ ನನ್ನದು ಎಂದು ಬರೆದಿದ್ದರು. ಆಮೇಲೆ ಅವರಿಗೆ ಬಡ್ತಿ ಸಿಗಲಿಲ್ಲ. ಮುಂದಿನ ದಡಕ್ಕೆ ಹೊರಟಾಗ ಅವರು ಲಂಗರಿಗೆ ಮತ್ತೆ ನನ್ನನ್ನೇ ನಿಲ್ಲಿಸಿದರು. ನಾನು ಬಿಟ್ಟೆನೋ ಇಲ್ಲವೋ ಎಂದು ಒಂದು ಸಲವೂ ತಿರುಗಿ ನೋಡಲಿಲ್ಲ. ನಿಜ ಏನೆಂದು ಅವರು ಬದುಕಿದ್ದಾಗ ನಾನು ಯಾರಿಗೂ ಹೇಳಲಿಲ್ಲ. ಈಗ ಬರೆದಿದ್ದೇನೆ."

ಇಡೀ ಚರಿತ್ರೆಯಲ್ಲಿ ನಾನು ಎಂಬ ಪದ ಬಂದದ್ದು ಆ ಒಂದು ಹಾಳೆಯಲ್ಲಿ. ಇಂಗ್ಲಿಷಿನಲ್ಲಿ ಯಾಕೆ ಬರೆಯಲಿಲ್ಲ ಎಂದು ನಾನು ಕೇಳಿದ್ದಕ್ಕೆ ಉತ್ತರವೂ ಅಲ್ಲೇ ಇತ್ತು. ಟೈಪು ಮಾಡುವಾಗ ಎಷ್ಟು ತಪ್ಪು ಹೊಡೆದೆನೋ, ನಾಲ್ಕು ಸಲ ಹಾಳೆ ಬದಲಾಯಿಸಿದೆ. ಅಲ್ಲಿಂದ ನೇರ ಅವರ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಹುರಳಿಕಾಯಿ ನಾರು ತೆಗೆಯುತ್ತಿದ್ದರು.

"ಇದು ನನಗೋಸ್ಕರ ಬರೆದಿದ್ದಾ ಸಾರ್?" ಎಂದೆ.

ಅವರು ಕಾಯಿಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲಪ್ಪ. ನನಗೋಸ್ಕರ. ಆದ್ರೆ ಒಂದು ಹೇಳ್ತೀನಿ ಕೇಳು. ಅವ್ರು ನನ್ನ ಉಳಿಸಿದ್ರು, ಅದು ನಿಜ. ನಾನೇ ಹೋಗಿ ಹೇಳೋಕೆ ಅವಕಾಶ ಇತ್ತಲ್ಲ, ಅದೂ ನಿಜ. ಮೂವತ್ತೈದು ವರ್ಷ ಆಯ್ತು. ನಿಂದಿನ್ನೂ ಒಂದು ವರ್ಷಾನೂ ಆಗಿಲ್ಲ."

ಒಳಗಿನಿಂದ ಅವರ ಮನೆಯಾಕೆ, ಅವನಿಗೆ ಕಾಫಿ ಕುಡಿಯಲಾದರೂ ಬಿಡಿ ಎಂದರು. ಆಕೆಗೆ ಎಲ್ಲವೂ ಮೊದಲ ದಿನದಿಂದಲೇ ಗೊತ್ತಿತ್ತೆಂದು ಆಗ ನನಗೆ ತಿಳಿಯಿತು. ಆ ಹತ್ತು ತಿಂಗಳಲ್ಲಿ ಆಕೆ ನನಗೆ ಕೊಟ್ಟ ಕಾಫಿಗಳನ್ನೆಲ್ಲ ನೆನೆದು ಕಿವಿ ಬಿಸಿಯಾಯಿತು.

ಸಭೆಯ ದಿನ ಎದ್ದು ನಿಂತು ಹೇಳಿದೆ. ತಮಟೆ, ಟವಲ್ಲು, ಎರಡು ಸ್ಟೆಪ್ಪು, ಯಾವುದನ್ನೂ ಬಿಡಲಿಲ್ಲ. ಸಾರ್ ಯಾರಿಗೂ ಹೇಳಿರಲಿಲ್ಲ ಎಂದದ್ದು ಸುಳ್ಳು, ನನಗೆ ಹೇಳಿದ್ದರು, ತೋರಿಸಿಯೂ ಕೊಟ್ಟಿದ್ದರು ಎಂದೆ. ಆಮೇಲೆ ಮಂಡಿ ಯಜಮಾನರು, "ಕುಣಿಯೋಕೆ ಅಂತ ನನ್ ಲಾರಿ ಮುಳುಗಿಸ್ದ್ಯೇನಯ್ಯಾ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಸಭೆಯೆಲ್ಲ ನಕ್ಕಿತು. ನಕ್ಕು ಮುಗಿದ ಮೇಲೆ ಅವರು ಎದ್ದು ಹೋಗಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಇವರಿಗೆ ಕೈ ಮುಗಿದು, ಈ ಸಲವೂ ಲಾರಿ ನಮ್ಮದೇ, ನಡೆಸಿಕೊಡಬೇಕು ಕ್ಯಾಪ್ಟನ್ ಎಂದರು.

"ನಾನು ಕ್ಯಾಪ್ಟನ್ ಅಲ್ಲ ಕಣ್ರೀ," ಎಂದರು ಇವರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಹೆಡ್‌ಮೇಷ್ಟ್ರು ಕೂಡ, ತೊಟ್ಟಿಯ ಪ್ರಯೋಗ ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು ಎಂದು ಪಕ್ಕದವರಿಗೆ ಹೇಳಿದರು.

ಆ ವರ್ಷದ ವಿಸರ್ಜನೆಗೂ ಅದೇ ಏರಿ, ಅದೇ ಲಾರಿ, ಅದೇ ಹಗ್ಗ. ಕಟ್ಟುವುದಕ್ಕೆ ಹತ್ತು ಜನ ನಾನು ತಾನು ಎಂದು ಮುಂದೆ ಬಂದರು. ಅವರು ಎಲ್ಲರನ್ನೂ ಸರಿಸಿ ಹಗ್ಗದ ತುದಿಯನ್ನು ನನ್ನ ಕೈಗಿಟ್ಟರು. ಜೇಬಿನಿಂದ ಒಂದು ಸೀಟಿ ತೆಗೆದು ಕೊಟ್ಟು, ಈ ಸಲ ಟವಲ್ಲು ಬೇಡ ಎಂದರು. ಅಷ್ಟೇ ಮಾತು. ಇಳಿದು ಹೋಗಿ ಲಾರಿಯ ಪಕ್ಕದಲ್ಲಿ, ನನಗೆ ಬೆನ್ನು ಮಾಡಿ, ನೀರನ್ನು ನೋಡುತ್ತ ನಿಂತರು.

ಮೂರು ಸುತ್ತು ಸುತ್ತಿದೆ. ಕೊಂಡಿ ಹಾಕಿದೆ. ತಮಟೆ ಬಂತು, ನಾನು ಅತ್ತ ತಿರುಗಲಿಲ್ಲ. ಕೊಂಡಿಯನ್ನು ಎಳೆದು ನೋಡಿದೆ, ಇನ್ನೊಮ್ಮೆ ಎಳೆದು ನೋಡಿದೆ. ಆಮೇಲೆ ಸೀಟಿ ಊದಿದೆ.

ಕೆಳಗೆ ಏನು ನಡೆಯಿತೆಂದು ಡ್ರೈವರು ಆಮೇಲೆ ಹೇಳಿದ. ಹೋದ ವರ್ಷದ ಮೂರು ದಿನ ಅವನಿಗೆ ಮರೆತಿರಲಿಲ್ಲ. ಬ್ರೇಕಿನ ಮೇಲಿನ ಕಾಲು ತೆಗೆಯದೆ, "ಸಾರ್, ಮರದ ಕಡೆ ಒಂದ್ಸಲ ತಿರುಗಿ ನೋಡ್ಬಿಡಿ," ಎಂದನಂತೆ.

"ಬೇಡ ಬಿಡಪ್ಪ," ಎಂದರಂತೆ ಅವರು. "ಕಟ್ಟಿರ್ತಾನೆ."